ಸಾಕು ಎನ್ನಲು ಬಾರದ ಮೆಣಸು

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಕುದುರೆ ಪಳಗಿಸುವವಳು. ಲಾಯದ ಪಕ್ಕದ ಕೋಣೆಯಲ್ಲೇ ಅವಳ ವಾಸ. ಗೋಡೆಯ ಮೊಳೆಗಳಲ್ಲಿ ಬಟ್ಟೆಗಿಂತ ಲಗಾಮುಗಳೇ ಹೆಚ್ಚು. ಬೇರೆಯವರು ಕುದುರೆ ನಿಲ್ಲಿಸಲು ಲಗಾಮು ಜಗ್ಗುತ್ತಾರೆ. ಅತ್ತೆ ತನ್ನ ಕುದುರೆಗಳಿಗೆ ಒಂದು ಮಾತು ಕಲಿಸಿದ್ದಾಳೆ: "ಸಾಕು." ಯಾರಾದರೂ ಟೀ ಸಾಕೆಂದರೂ ಅಂಗಳದಲ್ಲಿ ಸುತ್ತುತ್ತಿರುವ ಕುದುರೆ ಬೇರು ಬಿಟ್ಟಂತೆ ನಿಂತುಬಿಡುತ್ತದೆ.

ಚಿಕ್ಕವಳಿದ್ದಾಗ ತಾತ ಅವಳನ್ನು ದೂರದ ಸವಾರಿಯ ಸ್ಪರ್ಧೆಗೆ ಕಳಿಸಿದ್ದನಂತೆ. ಬೆಳಗಿನಿಂದ ಸಂಜೆಯವರೆಗೆ ಗುಡ್ಡ, ಬಯಲು ದಾಟುವ ಸವಾರಿ ಅದು. ಸೊಂಟದ ನೋವು ನುಂಗಿಕೊಂಡು ಅವಳು ಗುರಿ ಮುಟ್ಟಿದಳು. ಚಪ್ಪಾಳೆಯೇನೋ ಸಿಕ್ಕಿತು. ಇವತ್ತಿಗೂ ಒಂದು ಕಡೆ ವಾಲಿಕೊಂಡೇ ನಡೆಯುತ್ತಾಳೆ.

ನನ್ನ ತಂಗಿಗೆ ಹಾಲುಹಲ್ಲು ಇನ್ನೂ ಪೂರ್ತಿ ಬಿದ್ದಿಲ್ಲ. ಚೋಟುದ್ದ ಇದ್ದರೂ ಖಾರ ಜಾಸ್ತಿ, ಹಾಗಾಗಿ ಎಲ್ಲರಿಗೂ ಅವಳು ಮೆಣಸು. ಆ ಸ್ಪರ್ಧೆಗೆ ಈ ಸಲ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆಂದು ಗೊತ್ತಾದದ್ದೇ ತಡ, ತಾನೂ ಹೋಗಬೇಕೆಂದು ಹಟ ಹಿಡಿದಳು. ಅಪ್ಪ ಅವಳ ಕಡೆ. ಆದರೆ ಕುದುರೆ ಅತ್ತೆಯದು, ಅವಳು ಒಪ್ಪಬೇಕಲ್ಲ.

"ದಾರೀಲಿ ಅಲ್ಲಲ್ಲಿ ಡಾಕ್ಟರ್ ಇರ್ತಾರಲ್ಲಕ್ಕಾ," ಎಂದ ಅಪ್ಪ.

"ಅವರು ನೋಡೋದು ಕುದುರೆ ಎದೆಬಡಿತ. ಕುದುರೆಗೆ ಬಾಯಿಲ್ಲ, ಅದಕ್ಕೇ ನೋಡ್ತಾರೆ. ಮಗೂಗೆ ಬಾಯಿದೆ ಅಂತ ಸುಮ್ನಿರ್ತಾರೆ."

"ನಮ್ಮ ಮೆಣಸಿಗೆ ಬಾಯಿಗೇನು ಬರ? ಊರಿಗೆಲ್ಲಾ ಹಂಚಿ ಮಿಗುವಷ್ಟಿದೆ."

"ಬೇರೆ ಎಲ್ಲಾದಕ್ಕೂ ಇದೆ. ಸಾಕು ಅನ್ನೋಕಿಲ್ಲ."

ಅದು ನಿಜ. ಹಟ ಹಿಡಿದ ದಿನದಿಂದ ಅವಳು ಊಟಕ್ಕೆ ಕುಳಿತಾಗಲೂ ಆ ಮಾತು ಬಿಟ್ಟಿದ್ದಳು. ಸಾಕೆಂದರೆ ದಣಿದಳೆಂದು ಅತ್ತೆ ತಿಳಿದುಕೊಂಡಾಳು ಎಂಬ ಭಯ. ಹೊಟ್ಟೆ ಬಿರಿಯುವಂತಿದ್ದರೂ ಬಡಿಸಿದ್ದನ್ನೆಲ್ಲ ತಿನ್ನುತ್ತಿದ್ದಳು.

ಕೊನೆಗೆ ಅತ್ತೆ, "ಅಜ್ಜಿ ಮೇಲೆ ಒಂದು ಸಲ ಹೋಗಿ ಬರೋಣ. ಆಮೇಲೆ ಹೇಳ್ತೀನಿ," ಎಂದಳು. ಅಜ್ಜಿ ಎಂದರೆ ಗಂಭೀರವಾಗಿ ನಡೆಯುವ ಕಂದು ಹೆಣ್ಣು ಕುದುರೆ. ಅತ್ತೆ ಇನ್ನೊಂದು ಕುದುರೆಯೇರಿ ಜೊತೆಗೆ ಹೊರಟಳು.

ಅಪ್ಪ ಮತ್ತು ನಾನು ಬೇಲಿಯ ಹತ್ತಿರ ಕಾದೆವು. ಬಿಸಿಲು ಇಳಿಯುವ ಹೊತ್ತಿಗೆ ಇಬ್ಬರೂ ಕಾಣಿಸಿದರು. ಮೆಣಸು ಜೀನಿನ ಮೇಲೆ ಒಂದು ಕಡೆ ವಾಲಿದ್ದಳು, ಥೇಟ್ ಅತ್ತೆಯ ಹಾಗೆ.

"ಇನ್ನೊಂದು ಕೂಗಳತೆ ಅಷ್ಟೇ, ಬಾ ಮಗಳೇ," ಎಂದು ಅಪ್ಪ ಕರೆದ.

ಅವಳು ಅಪ್ಪನನ್ನು ನೋಡಿದಳು. ತಿರುಗಿ ಅತ್ತೆಯನ್ನು ನೋಡಿದಳು.

"ಸಾಕು," ಎಂದಳು ಮೆಣಸು.

ಅಜ್ಜಿ ನಿಂತಿತು. ಅತ್ತೆಯ ಕುದುರೆಯೂ ನಿಂತಿತು.

ತಂಗಿ ಇಳಿದು, ಕಾಲು ಅಗಲಿಸಿಕೊಂಡು, ಲಗಾಮು ಹಿಡಿದು ನಡೆದೇ ಬಂದಳು. ಅಳಲಿಲ್ಲ. "ತೊಡೆ ಉರೀತಿದೆ," ಎಂದಳು, ಅಷ್ಟೇ.

"ಹೋಗ್ಲಿ ಬಿಡಕ್ಕಾ, ಈ ವರ್ಷ ಬೇಡ," ಎಂದ ಅಪ್ಪ, ಮುಖ ಸಪ್ಪಗೆ ಮಾಡಿಕೊಂಡು.

"ಇಷ್ಟು ಹೊತ್ತು ಬೇಡವಾಗಿತ್ತು. ಈಗ ಹೆಸರು ಕೊಡು. ಆದರೆ ಚಿಕ್ಕ ದಾರೀದು, ನಾನೂ ಪಕ್ಕದಲ್ಲೇ ಇರ್ತೀನಿ. ಇವಳು ಸಾಕು ಅಂದಲ್ಲಿ ನಿನ್ನ ಕೂಗಳತೆ ಗೀಗಳತೆ ಏನೂ ಕೇಳಿಸಬಾರದು."

ಅಪ್ಪ ತಲೆಯಾಡಿಸಿದ.

ಆ ಸಂಜೆ ಅತ್ತೆಯೇ ಊಟ ಬಡಿಸಿದಳು. ಎರಡನೆಯ ಸಲ ಸೌಟು ಎತ್ತಿದಾಗ ಮೆಣಸು ತಲೆಯೆತ್ತಿ, "ಸಾಕು ಅತ್ತೆ," ಎಂದಳು.

ಸೌಟು ಅಲ್ಲೇ ನಿಂತಿತು.