ಅವ್ವನ ಸೀರೆಗೆ ಅಂಟುವಾಳದ ನೊರೆ

ಡ್ಯೂಟಿ ಮುಗಿಸಿ ಬಂದರೆ ಅವ್ವನ ರೇಷ್ಮೆ ಸೀರೆ ಜಗಲಿಯ ನೆರಳಿನಲ್ಲಿ ಒಳಮೈ ಹೊರಗಾಗಿ ತೂಗುತ್ತಿತ್ತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚೀಲ ಅಲ್ಲೇ ಬಿಟ್ಟು ಓಡಿದೆ.

ನಾನು ವಿಜಯಪುರದವಳು. ಸೊರಬದ ಹೊಸಬಾಳೆಗೆ ನರ್ಸಾಗಿ ಬಂದು ಎರಡು ವರ್ಷ. ಅವ್ವ ಹೋದ ಮೇಲೆ ಉಳಿದದ್ದು ಇದೊಂದೇ ಸೀರೆ. ಅದರಲ್ಲಿ ಇನ್ನೂ ಅವಳ ವಾಸನೆಯಿತ್ತು: ಕುಂಕುಮ, ಎಲೆಯಡಿಕೆ, ಬೆವರು. "ಉಟ್ಕೋ, ಆದ್ರ ತೊಳೀಬ್ಯಾಡ" ಎಂದು ಹೇಳಿಯೇ ತಂಗಿ ಕೊಟ್ಟಿದ್ದಳು.

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಉಣ್ಣುತ್ತೇವೆ; ಕಾಲಿಗೆ ಮಣ್ಣು ಹತ್ತಿದರೂ ಕೊಡವಿದರೆ ಉದುರುತ್ತದೆ. ಇಲ್ಲಿ ಭೂಮಿ ಹುಣ್ಣಿಮೆ, ತೆನೆ ಕಟ್ಟುವ ಭತ್ತಕ್ಕೆ ಬಸುರಿಯ ಉಪಚಾರ. ನಾನು ಬಾಡಿಗೆಗಿರುವ ಮನೆಯ ಒಡತಿ ಗೌರಮ್ಮನ ಜೊತೆ, ಮೊನ್ನೆ ಅವ್ವನ ಸೀರೆಯುಟ್ಟು, ಚಿತ್ತಾರ ಬರೆದ ಬುಟ್ಟಿ ಹಿಡಿದು ಬದುವಿನ ಮೇಲೆ ಹೊರಟವಳು ಜಾರಿ ಗದ್ದೆಗಿಳಿದೆ. ಸೀರೆಯಂಚೆಲ್ಲ ಕೆಸರು.

"ಶಿಕಾರಿಪುರದಾಗ ಡ್ರೈಕ್ಲೀನಿಂಗಿಗೆ ಕೊಡ್ತೀನ್ರೀ, ಅಂಚಿನ ಕೆಸರಷ್ಟ ತೆಗೀರಿ ಅಂತ ಹೇಳ್ತೀನಿ" ಅಂದೆ.

ಗೌರಮ್ಮ ನಕ್ಕರು. "ಅಯ್ಯ, ಅವ್ರಿಗೊಂದಿಷ್ಟು, ಬಸ್ಸಿಗೊಂದಿಷ್ಟು ಯಾಕ್ ಸುರೀತೀರಿ? ಹಿತ್ತಲಾಗೆ ಅಂಟುವಾಳ ಐತಲ್ರೀ!"

ಅಂಟುವಾಳವನ್ನು ನಾನು ಊರಲ್ಲಿ ಅಕ್ಕಸಾಲಿಗರ ಬಳಿಯಷ್ಟೇ ಕಂಡಿದ್ದೆ. ಇಲ್ಲಿ ಆ ಕಾಯಿ ನೆನೆಹಾಕಿ, ಹಿಸುಕಿ, ನೊರೆಯಲ್ಲೇ ರೇಷ್ಮೆ ಒಗೆಯುತ್ತಾರೆ. ನಾನೂ ನಕ್ಕು ಸುಮ್ಮನಾದೆ. ವಾಸನೆಯ ಸಂಗತಿ ಹೇಳಲಿಲ್ಲ. ಇಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂಬುದು ಎರಡು ವರ್ಷವಾದರೂ ನನ್ನ ತಲೆಗೆ ಹೋಗಿರಲಿಲ್ಲ.

"ಯಾರ್ ತೊಳೀರಿ ಅಂದಿದ್ರು ನಿಮಗ?" ಎಂದು ಇವತ್ತು ತೊಟ್ಟಿಕ್ಕುವ ಸೀರೆಯ ಮುಂದೆ ನಿಂತು ಕೂಗಿಬಿಟ್ಟೆ.

ಗೌರಮ್ಮನ ಕೈಯಲ್ಲಿ ಇನ್ನೂ ನೊರೆ. "ಬಣ್ಣ ಒಂಚೂರೂ ಹೋಗಿಲ್ಲ ಕಣ್ರೀ" ಎಂದರು. ಹೋದದ್ದು ಬಣ್ಣವಲ್ಲ, ಅವ್ವನ ವಾಸನೆ ಎಂದು ಅಳುತ್ತಾ ಹೇಳಿದಾಗ ಕೈಯ ನೊರೆಯನ್ನು ಸೆರಗಿಗೆ ಒರೆಸಿಕೊಂಡರು. "ಮೊದ್ಲೇ ಒಂದ್ ಮಾತು ಹೇಳಬಾರ್ದಿತ್ತಾ? ನಾ ಮುಟ್ತಿದ್ನಾ?"

ಅವತ್ತು ಅವರು ಒಲೆ ಹಚ್ಚಲಿಲ್ಲ. ಸಿಟ್ಟಿಳಿದ ಮೇಲೆ ನಾನೇ ಅನ್ನಕ್ಕಿಟ್ಟು ಬಡಿಸಿದೆ. ಸೀರೆ ಒಣಗಿದಾಗ ಹೊಸದರ ಹಾಗೆ ಮಿನುಗುತ್ತಿತ್ತು, ಸುಳ್ಳೇಕೆ ಹೇಳಲಿ.

ರಜೆಯಲ್ಲಿ ವಿಜಯಪುರಕ್ಕೆ ಹೋದೆ. ತಂಗಿ ನನ್ನ ಚೀಲದಿಂದ ಮೊದಲು ಆ ಸೀರೆಯನ್ನೇ ತೆಗೆದು ಮುಖಕ್ಕೆ ಒತ್ತಿಕೊಂಡಳು. ಮಡಿಕೆ ಮಡಿಕೆ ಬಿಚ್ಚಿ ಮೂಸಿದಳು.

"ಇದು ಯಾರ್ ಮನಿ ವಾಸನಿ, ಅಕ್ಕಾ?"

"ನಮ್ಮ ಮನೀದ" ಅಂದುಬಿಟ್ಟೆ, ಗೌರಮ್ಮನ ಮನೆಯನ್ನು ನೆನೆದು.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೀರೆಯನ್ನು ನೀಟಾಗಿ ಮಡಚಿ, ಮತ್ತೆ ನನ್ನ ಚೀಲಕ್ಕೇ ಹಾಕಿದಳು.

"ಹಂಗಾರ ಅಲ್ಲೇ ಇಟ್ಕೋ."