ಗುಡ್ಡ ಕಾದ ಓಬಕ್ಕ

ಓಬಕ್ಕ ಗುಡ್ಡದ ಈ ಬದಿಯಲ್ಲಿ ನಿಂತು ಬೈದರೆ ಆ ಬದಿಯ ಕುರಿಗಳು ತಲೆ ಎತ್ತುತ್ತಿದ್ದವು. ಅಂಥ ಬಾಯಿ. ಆದರೂ ನಾವು ಹೆಂಗಸರು ಅವಳ ಹಿಂದೆಯೇ ಹೋಗುತ್ತಿದ್ದೆವು. ಗಂಡ ಸತ್ತ ಮೇಲೆ ನನಗೆ ಹೊಲವೂ ಇಲ್ಲ, ಕುರಿಯೂ ಇಲ್ಲ. ಮೊಳಕಾಲ್ಮುರು ಕಡೆಯ ಆ ಸೀತಾಫಲದ ಗುಡ್ಡವೇ ನನ್ನ ಅನ್ನ.

ಮೊದಲೆಲ್ಲ ವ್ಯಾಪಾರಿಯ ಟೆಂಪೋ ಬಂದರೆ ಸಾಕು, ಕೊಂಬೆ ಮುರಿದು ಎಳೆಗಾಯಿಯನ್ನೂ ಚೀಲಕ್ಕೆ ತುಂಬುತ್ತಿದ್ದೆವು. ಎಳೆಗಾಯಿ ಹಣ್ಣಾಗುವುದಿಲ್ಲ, ಕರ್ರಗೆ ಒಣಗುತ್ತದೆ. ಅದನ್ನು ನಿಲ್ಲಿಸಿದವಳು ಓಬಕ್ಕ. ಕಾಯಿಯ ಮೈ ಬಿಚ್ಚಿ ಬಿಳಿ ಗೆರೆ ಕಂಡರೆ ಮಾತ್ರ ಕೀಳಬೇಕು. ಕೊಂಬೆಯ ತುದಿಯದನ್ನು ಮುಟ್ಟಬಾರದು.

"ತುದೀದು ಯಾರಿಗೇ?" ಎಂದೆ.

"ಕರಡಿಗೆ. ಅದು ತಿಂದು ಗುಡ್ಡದ ತುಂಬ ಬೀಜ ಹಾಕ್ತೈತೆ. ನೀನ್ ತಿಂದು ಏನ್ ಹಾಕ್ತೀಯೇ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ತುದಿಯದನ್ನು ಬಿಟ್ಟೆ.

ಮಾಗಿದ ಹಣ್ಣನ್ನು ನಾವೇ ಬಸ್ಸಿಗೆ ಹಾಕಿ ಚಳ್ಳಕೆರೆಗೆ ಒಯ್ದು ಮಾರಿದೆವು. ಆಮೇಲೆ ತಿರುಳು ತೆಗೆದು ಐಸ್‌ಕ್ರೀಮ್ ಮಾಡುವವರಿಗೂ ಕೊಟ್ಟೆವು.

ಒಂದು ಬೇಸಿಗೆ ಗುಡ್ಡಕ್ಕೆ ಬೆಂಕಿ ಬಿತ್ತು. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಬರುತ್ತದೆಂದು ಕುರಿಯವರು ಹಚ್ಚುವುದು ರೂಢಿ. ಹಸಿ ತಂಗಡಿ ಸೊಪ್ಪಿನಿಂದ ಬಡಿದು ಆರಿಸುವಷ್ಟರಲ್ಲಿ ಗಿಡಗಳೆಲ್ಲ ಬೆಂದಿದ್ದವು. ಹಚ್ಚಿದವನು ಓಬಕ್ಕನ ಗಂಡ ಪಾಲಯ್ಯನೇ. ಬೇರೆಯವಳಾಗಿದ್ದರೆ ಮುಚ್ಚಿಡುತ್ತಿದ್ದಳು. ಇವಳು ಅವನ ರಟ್ಟೆ ಹಿಡಿದು ನಮ್ಮೆದುರಿಗೆ ಎಳೆತಂದಳು.

"ಕುರಿ ಮೇಯ್ಲಿ ಅಂತ ಹಚ್ಚಿದೆ ಕಣೇ," ಎಂದ ಅವನು.

"ನಿನ್ ಕುರಿ ಹುಲ್ಲು ಮೇಯ್ತವೆ. ಇವ್ರ ಮಕ್ಳು ಬೂದಿ ಮೇಯ್ಬೇಕಾ? ಇನ್ಮ್ಯಾಲೆ ಬೇಸಿಗೆಗೆ ಮುಂಚೆ ಗುಡ್ಡದ ಸುತ್ತ ನೀನೇ ಹುಲ್ಲು ಕುಯ್ಯಿ. ಕುಯ್ದಿದ್ದು ಕುರಿಗೆ ಹಾಕು. ಬೆಂಕಿ ಬಂದ್ರೂ ದಾಟಬಾರ್ದು."

ಆ ವರ್ಷ ಹಣ್ಣಿಲ್ಲ. ಪರಶುರಾಂಪುರಕ್ಕೆ ಶೇಂಗಾ ಕೀಳುವ ಕೂಲಿಗೆ ಹೋದೆ. ಓಬಕ್ಕನೂ ಬಂದಳು. ಮಧ್ಯಾಹ್ನ ತನ್ನ ರೊಟ್ಟಿ ಮುರಿದು ಅರ್ಧ ನನ್ನ ಮಡಿಲಿಗೆ ಹಾಕಿದಳು.

ಸುಟ್ಟ ಬೊಡ್ಡೆಗಳು ಮತ್ತೆ ಚಿಗುರಿದವು. ವರ್ಷವರ್ಷವೂ ಓಬಕ್ಕ ಬೈದು ಎಬ್ಬಿಸಿ ಕಳಿಸಿದ ಮೇಲೆ ಪಾಲಯ್ಯ ಸುತ್ತಲ ಹುಲ್ಲು ಕೊಯ್ಯುತ್ತಿದ್ದ; ಬೆಂಕಿ ಮತ್ತೆ ಬೀಳಲಿಲ್ಲ. ಆ ಹಣ್ಣಿನಲ್ಲೇ ನನ್ನ ಮಗಳ ಓದು ಮುಗಿಯಿತು. ಓಬಕ್ಕನಿಂದ ಬೈಸಿಕೊಂಡದ್ದೆಲ್ಲ ನನಗೆ ದಕ್ಕಿತು.

ಕಳೆದ ಚಳಿಗಾಲದಲ್ಲಿ ಓಬಕ್ಕ ತೀರಿಕೊಂಡಳು. ಈ ಶಿವರಾತ್ರಿ ಹೊತ್ತಿಗೆ ಹುಲ್ಲು ಒಣಗತೊಡಗಿತ್ತು. ಇನ್ನು ಯಾರು ಕೊಯ್ಯುತ್ತಾರೆಂದು ಬೆಳಗಾಗುತ್ತಲೇ ನಾನೇ ಕುಡುಗೋಲು ಹಿಡಿದು ಹೋದೆ. ಪಾಲಯ್ಯ ಆಗಲೇ ಬಗ್ಗಿ ಕೊಯ್ಯುತ್ತಿದ್ದ.

"ಯಾರ್ ಕರೆದ್ರಣ್ಣಾ ನಿನ್ನ?" ಎಂದೆ.

"ಕರ್ಯೋಳು ಇದ್ದಿದ್ರೆ ಇನ್ನೊಂದ್ ಗಳಿಗೆ ಮಲಗ್ತಿದ್ದೆ ಕಣವ್ವಾ," ಎಂದ.

ನಾನು ಆ ಬದಿಯಿಂದ ಕೊಯ್ಯತೊಡಗಿದೆ.