ಟಿ.ಬಿ. ಅಲ್ಲ ಎಂದ ಮೇಲೆ

2012ರಲ್ಲಿ ನಾನು ಪೀಣ್ಯದ ಬಳಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಶ್ವಾಸಕೋಶ ತಜ್ಞನಾಗಿದ್ದೆ. ಅಲ್ಲಿ ಕೆಮ್ಮಿಗೇನೂ ಬರವಿರಲಿಲ್ಲ. ಆ ಮಳೆಗಾಲದಲ್ಲಿ ಬಂದವನು ಶರಣಪ್ಪ. ಸಿಂಧನೂರಿನ ಕಡೆಯವನು, ಮಾದನಾಯಕನಹಳ್ಳಿಯಲ್ಲಿ ಗೋದಾಮುಗಳಿಗೆ ಪಾಯ ತೋಡುವ ಕೆಲಸ, ಲಗ್ಗೆರೆಯ ವಠಾರದಲ್ಲಿ ಬಾಡಿಗೆ ಕೋಣೆ. ಸಕ್ಕರೆ ಕಾಯಿಲೆ ಬೇರೆ. ಜ್ವರ ಬಿಡುತ್ತಿರಲಿಲ್ಲ, ಮೈ ಇಳಿದುಹೋಗಿತ್ತು. ಎಕ್ಸ್‌-ರೇ ನೋಡಿದರೆ ಯಾರಾದರೂ ಟಿ.ಬಿ. ಎನ್ನಬೇಕು, ಹಾಗಿತ್ತು.

ಆದರೆ ಕಫದಲ್ಲಿ ಟಿ.ಬಿ. ಸಿಗಲಿಲ್ಲ. ಕಲ್ಚರ್ ಮಾಡಿಸಿದೆವು, ಅಂದರೆ ಕಫದಲ್ಲಿದ್ದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದೆವು. ಮೆಲಿಯಾಯ್ಡೋಸಿಸ್ ಎಂದು ಗೊತ್ತಾಯಿತು. ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾ ತರುವ ಅಪರೂಪದ ಸೋಂಕು ಅದು. ನೀರು ನಿಂತ ಪಾಯದಲ್ಲಿ ಬರಿಗಾಲಲ್ಲಿ ದುಡಿಯುವ ಸಕ್ಕರೆ ಕಾಯಿಲೆಯವರನ್ನು ಬೇಗ ಹಿಡಿಯುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದು ಇಲ್ಲವೆನ್ನುವಷ್ಟು ಕಡಿಮೆ.

ಅವನ ಹೆಂಡತಿ ದೇವಮ್ಮನಿಗೆ ಕಾಯಿಲೆಯಷ್ಟೇ ಕೋಣೆಯ ಚಿಂತೆ. ವಠಾರದ ಮಾಲಕಿ ಆಸ್ಪತ್ರೆಗೇ ಬಂದಿದ್ದರು.

"ಟಿ.ಬಿ. ಆದ್ರೆ ರೂಮ್ ಖಾಲಿ ಮಾಡಿಸ್ಬಿಡ್ತೀನಿ ಸಾರ್. ಮನೇಲಿ ಮೊಮ್ಮಕ್ಳು ಅವ್ರೆ."

"ನೀವ ಹೇಳ್ರಿ ಸಾಹೇಬ್ರ," ಎಂದು ಶರಣಪ್ಪ ಮಂಚದಿಂದಲೇ ಬೇಡಿಕೊಂಡ.

"ಟಿ.ಬಿ. ಅಲ್ಲಮ್ಮ. ಖಂಡಿತ ಅಲ್ಲ," ಎಂದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ದೇವಮ್ಮನ ಮುಖ ಹಾಗೆ ಅರಳಿತು. ಅಪರೂಪದ ರೋಗ ಪತ್ತೆ ಮಾಡಿದ ಜಂಬದಲ್ಲಿ ನಾನೂ ಬೀಗಿದ್ದೆ.

ಎರಡು ವಾರ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಕೊಟ್ಟೆವು. ಜ್ವರ ಬಿಟ್ಟಿತು, ರೊಟ್ಟಿ ರುಚಿಸಿತು. ಮನೆಗೆ ಕಳಿಸುವಾಗ ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆ ಬರೆದುಕೊಟ್ಟೆ.

"ಟಿ.ಬಿ. ಅಲ್ಲಂದ ಮ್ಯಾಲೆ ಇಷ್ಟು ದಿನ ಗುಳಿಗಿ ಯಾಕ್ರಿ?" ಎಂದಳು ದೇವಮ್ಮ.

ಒಳಗೆ ಅವಿತ ರೋಗಾಣು ಮತ್ತೆ ಏಳುತ್ತದೆ, ಎದ್ದರೆ ಜೀವಕ್ಕೇ ಅಪಾಯ ಎಂದು ಬಿಡಿಸಿ ಹೇಳಿದೆ. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು.

ದೀಪಾವಳಿಗೆ ಮುಂಚೆ ಅವನನ್ನು ಹೊತ್ತುಕೊಂಡು ತಂದರು. ಸೋಂಕು ರಕ್ತಕ್ಕೆ ಹರಡಿತ್ತು. ಹಿಂದೆ ಅವನ ಜೀವ ಉಳಿಸಿದ್ದ ಔಷಧವನ್ನೇ ಮತ್ತೆ ಏರಿಸಿದೆವು. ಕಾಲ ಮೀರಿತ್ತು, ಶರಣಪ್ಪ ಉಳಿಯಲಿಲ್ಲ.

ಕೆಲವು ದಿನ ಕಳೆದು ದೇವಮ್ಮ ಬಂದಳು. ಚೀಲದಿಂದ ಮಾತ್ರೆಯ ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಹೆಚ್ಚಿನವು ಒಡೆದೇ ಇರಲಿಲ್ಲ. ಜೋಳದ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳಂತೆ.

"ನಾನ ಬಿಡಿಸಿದ್ನಿರಿ. ವಠಾರದಾಗ ದಿನಾ ಗುಳಿಗಿ ನುಂಗಿದ್ರ ಟಿ.ಬಿ. ಅಂತಾರ. ನೀವು ಅಲ್ಲಂದಿದ್ರಿ. ಅದು ಖರೇ ಅಂತ ಮಂದಿಗೆ ತೋರಸಬೇಕಿತ್ರಿ."

ಆ ವಠಾರದಲ್ಲಿ ಇದ್ದದ್ದು ಎರಡೇ ರೋಗ: ಟಿ.ಬಿ., ಟಿ.ಬಿ. ಅಲ್ಲದ್ದು. ತಿಂಗಳುಗಟ್ಟಲೆ ಮಾತ್ರೆ ಮೊದಲನೆಯದಕ್ಕೆ ಮಾತ್ರ. ರೋಗಾಣು ಎಲ್ಲಿ ಬದುಕುತ್ತದೆಂದು ನಾನು ಓದಿಕೊಂಡಿದ್ದೆ. ರೋಗಿ ಎಲ್ಲಿ ಬದುಕುತ್ತಾನೆಂದು ಯೋಚಿಸಿರಲಿಲ್ಲ.

ಆಮೇಲೆ ಇಂಥ ರೋಗಿ ಬಂದಾಗಲೆಲ್ಲ, ಅವರು ಒಪ್ಪಿದರೆ, ಮನೆಯ ಮಾಲೀಕರನ್ನೂ ಕರೆಸಿ, "ಇದು ಅಂಟುವ ರೋಗವಲ್ಲ, ಆದರೆ ಮಾತ್ರೆ ತಪ್ಪಿದರೆ ಸಾಯುತ್ತಾರೆ, ನೀವೇ ನೆನಪಿಸಿ" ಎನ್ನುತ್ತಿದ್ದೆ. ಹೆಚ್ಚಿನವರು ನೆನಪಿಸಿದರು ಕೂಡ. ಲಗ್ಗೆರೆಯ ಆ ಮಾಲಕಿಗೂ ಹೇಳಿದ್ದರೆ ನೆನಪಿಸುತ್ತಿದ್ದರೇನೋ. ಅಂದು ಅವರು ನನ್ನೆದುರಿಗೇ ನಿಂತಿದ್ದರು.